ದ್ರಾಕ್ಷಿ ಅದ್ದುವಾಗ ಹೇಳಿದ ಗ್ರೀಕು

ಡಿಪ್ಪಿಂಗ್ ಎಣ್ಣೆಯ ವಾಸನೆ ಮೂಗಿಗೆ ಬಡಿದರೆ ತೆಲಸಂಗದವರಿಗೆ ಸುಗ್ಗಿ ಬಂತೆಂದು ಖುಷಿಯಾಗುತ್ತದೆ. ನನಗೆ ಸಿಟ್ಟು ಬರುತ್ತದೆ. ಈ ಫೆಬ್ರುವರಿಯಲ್ಲಿ ಅತ್ತೆಯ ಪುಣ್ಯತಿಥಿಗೆಂದು ಅಥಣಿಯಿಂದ ಬಸ್ಸು ಹತ್ತಿದ್ದೆ. ಊರು ಇನ್ನೂ ದೂರವಿತ್ತು, ಅಷ್ಟರಲ್ಲೇ ಕಿಟಕಿಯಿಂದ ಆ ವಾಸನೆ ಒಳಗೆ ಬಂತು. ಹಸಿ ಸೋಪಿನಂಥ ಜಿಡ್ಡು ವಾಸನೆ, ಅದರ ಬೆನ್ನಿಗೇ ಗಂಧಕದ ಘಾಟು. ಜಿಡ್ಡು ದ್ರಾಕ್ಷಿ ಗೊನೆಗಳನ್ನು ಒಣಹಾಕುವ ಮೊದಲು ಅದ್ದುವ ನೀರಿನದು, ಘಾಟು ಆಮೇಲೆ ಕೊಡುವ ಗಂಧಕದ ಹೊಗೆಯದು. ಪಕ್ಕದಲ್ಲಿದ್ದ ಹೆಂಗಸು "ಈ ಸಲ ಮಣೂಕ ಛಲೋ ಬಂದಾವಂತರಿ" ಎಂದು ಒಣದ್ರಾಕ್ಷಿಯ ಮಾತು ತೆಗೆದಳು. ನಾನು ಮುಖ ತಿರುಗಿಸಿ ಕುಳಿತೆ. ಪಾಪ, ಅವಳದೇನೂ ತಪ್ಪಿರಲಿಲ್ಲ. ನನ್ನ ತಲೆಯಲ್ಲಿ ಎಸ್ತೇರಬಾಯಿ ಬಂದು ಕುಳಿತಿದ್ದರು, ಅವರ ಹಿಂದೆ ಆ ವರ್ಷದ ಸಿಟ್ಟೆಲ್ಲ ಸಾಲುಗಟ್ಟಿ ನಿಂತಿತ್ತು.

ಆಗ ನಾನು ತೆಲಸಂಗದಲ್ಲೇ ಇದ್ದೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ, ಉಳಿದ ಹೊತ್ತು ಗಂಡನ ಮನೆಯ ದ್ರಾಕ್ಷಿ ತೋಟದಲ್ಲಿ ದುಡಿಯುತ್ತಿದ್ದೆ. ಮನೆಯ ಯಜಮಾನಿಕೆ ನನ್ನ ಗಂಡನ ಅಣ್ಣನದು. ಭಾವನ ಮಾತು ಮನೆಯಲ್ಲಿ ಕಲ್ಲಿನ ಮೇಲೆ ಕೊರೆದ ಹಾಗೆ. ತೋಟದ ಅಂಚಿನಲ್ಲಿ, ರಸ್ತೆಗೆ ಮುಖಮಾಡಿ ನಮ್ಮದೇ ಎರಡು ಕೋಣೆಯ ಮನೆಯೊಂದಿತ್ತು. ಅದಕ್ಕೆ ಬಾಡಿಗೆಗೆ ಬಂದವರು ಎಸ್ತೇರಬಾಯಿ. ಒಂದು ಕಾಲಕ್ಕೆ ಅವರ ಅಪ್ಪ ಇದೇ ಊರಿನ ಕನ್ನಡ ಶಾಲೆಯ ಮಾಸ್ತರರಾಗಿದ್ದರು. ಕ್ರೈಸ್ತ ಮನೆತನ. ನೌಕರಿ ಮುಗಿದ ಮೇಲೆ, ಹುಟ್ಟಿದ ಊರಲ್ಲಿ ಕಣ್ಣು ಮುಚ್ಚೋಣವೆಂದು ಮದುವೆಯಾಗದ ಆ ಹೆಂಗಸು ಒಂದು ಟ್ರಂಕು, ಒಂದು ಹಾರ್ಮೋನಿಯಂ ಹಿಡಿದುಕೊಂಡು ಬಂದಿದ್ದರು.

ದೀಪಾವಳಿಯ ಫರಾಳದ ತಿಂಡಿ ಕೊಡಲು ಹೋದಾಗ ಅವರು ಬಾಗಿಲ ಬೆಳಕಿಗೆ ಕುಳಿತು, ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಗಟ್ಟಿಯಾಗಿ ಏನೋ ಓದುತ್ತಿದ್ದರು. ಮರಾಠಿಯಲ್ಲ, ಇಂಗ್ಲಿಷೂ ಅಲ್ಲ.

"ಯಾವ ಭಾಷಾರಿ ಬಾಯಾರ ಅದು?" ಎಂದೆ.

"ಗ್ರೀಕ್, ತಂಗಿ. ಮಾರ್ಕನ ಸುವಾರ್ತಿ."

"ನಿಮ್ಮ ಬೈಬಲ್ಲು ಕನ್ನಡದಾಗ ಐತೆಲ್ಲರಿ?"

"ಐತಿ. ಕನ್ನಡದಾಗ ಎಲ್ಲಾರೂ ಗಾದಿ ಮ್ಯಾಲ ಕುಂತು ಮಾತಾಡಿದಂಗ ಕೇಳಸ್ತೈತಿ. ಮೂಲದಾಗ ಮೀನಾ ಹಿಡಿಯೋ ಮಂದಿ ಮಾತಾಡ್ತಾರ. ಬೆವರಿನ ವಾಸನಿ ಬರ್ತೈತಿ."

ನಾನು ಹಳಗನ್ನಡವೆಂದರೆ ಪ್ರಾಣ ಬಿಡುವವಳು. ಮೂಲದಲ್ಲಿ ಬೇರೆಯಿದೆ ಎಂದು ಯಾರಾದರೂ ಅಂದರೆ ನನಗೆ ಊಟ ಸೇರುವುದಿಲ್ಲ. ಚಕ್ಕುಲಿಯ ಡಬ್ಬಿ ಕೆಳಗಿಟ್ಟು ಅಲ್ಲೇ ಕುಳಿತೆ. ನನಗೂ ಕಲಿಸ್ತೀರಾ ಎಂದು ಕೇಳಿದವಳು ನಾನು. ಇದನ್ನು ಆಮೇಲೆ ಎಷ್ಟು ಜನಕ್ಕೆ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಕೇಳುವ ಕಿವಿ ಒಂದೂ ಇರಲಿಲ್ಲ.

ಎಸ್ತೇರಬಾಯಿ ಕೂಡಲೇ ಹೂಂ ಅನ್ನಲಿಲ್ಲ. ಮೊದಲು ತಮ್ಮ ಕಥೆ ಹೇಳಿದರು. ದೂರದ ಊರಲ್ಲಿ, ಪಾದ್ರಿಗಳನ್ನು ತಯಾರು ಮಾಡುವ ಒಂದು ಕಾಲೇಜಿನಲ್ಲಿ ಓದಿ, ಗ್ರೀಕಿನಲ್ಲಿ ಎಲ್ಲರಿಗಿಂತ ಮೊದಲಿಗರಾಗಿ ಪಾಸಾದವರು ಅವರು. ಅಲ್ಲೇ ಕೆಲಸವೂ ಸಿಕ್ಕಿತು. ಆದರೆ ನಾಳೆ ಪಾದ್ರಿಗಳಾಗುವ ಗಂಡಸರಿಗೆ ಹೆಂಗಸು ಗ್ರೀಕು ಕಲಿಸುವುದೇ? ಅವರನ್ನು ಹಾರ್ಮೋನಿಯಂ ಮುಂದೆ ಕೂರಿಸಿದರು. ನೌಕರಿ ಮುಗಿಯುವವರೆಗೂ ವಿದ್ಯಾರ್ಥಿಗಳಿಗೆ ಹಾಡು ಹೇಳಿಕೊಟ್ಟರು. ಅವರಿಗಿಂತ ಕಡಿಮೆ ಅಂಕ ತೆಗೆದವನೊಬ್ಬ ಪಕ್ಕದ ಕೋಣೆಯಲ್ಲಿ ತಪ್ಪು ಗ್ರೀಕು ಕಲಿಸುವುದು ಗೋಡೆಯಾಚೆಯಿಂದ ಕೇಳಿಸುತ್ತಿತ್ತಂತೆ. ಇದನ್ನೆಲ್ಲ ಅವರು ನಗುತ್ತ ಹೇಳಿದರು. ಅವರ ಪಾಲಿನ ಸಿಟ್ಟನ್ನೂ ನಾನೇ ಮಾಡಿಕೊಂಡೆ.

"ಕಣ್ಣಿನಾಗ ಕಾಚಬಿಂದು ಆಗೇತಿ ತಂಗಿ. ನೋಟ ದಿನಾ ಸಣ್ಣದಾಗಾಕತ್ತೈತಿ. ಒಬ್ಬರಿಗರೆ ಒಂದು ಸುವಾರ್ತಿ ಮೊದಲಿಂದ ಕಡೀತನಕ ಓದಿಸಬೇಕಂತ ಆಸೆ. ನಡುವ ಬಿಟ್ಟು ಹೋಗೂದಾದ್ರ ಈಗs ಹೇಳು."

"ಬಿಡೂದಿಲ್ರಿ," ಎಂದೆ.

ಹೀಗೆ ಶುರುವಾಯಿತು. ಆಲ್ಫಾ, ಬೀಟಾ, ಥೀಟಾಗಳನ್ನು ಹಿಂದೆ ಗಣಿತದ ಪುಸ್ತಕದಲ್ಲಿ ಕಂಡು ಹೆದರಿದ್ದವಳು ನಾನು. ಈಗ ಅವು ಮಾತಾಡತೊಡಗಿದವು. ಶಾಲೆ ಬಿಟ್ಟ ಮೇಲೆ ದಿನವೂ ಒಂದು ತಾಸು. ಬಳ್ಳಿಗಳಲ್ಲಿ ಚಿಗುರು ಬಂತು, ಹೂ ಬಂತು, ಕಾಳು ಕಟ್ಟಿತು, ನಾವೂ ಅಧ್ಯಾಯ ದಾಟುತ್ತ ಹೋದೆವು. ಮಾರ್ಕ ಬರೆಯುವ ರೀತಿ ನನಗೆ ಬಲು ಹಿಡಿಸಿತು. ನಮ್ಮ ಸೋದರತ್ತೆ ಊರ ಸುದ್ದಿ ಹೇಳುವ ಹಾಗೆ, ಮತ್ತ, ಮತ್ತ, ಅಷ್ಟರೊಳಗ, ಮತ್ತ, ಎನ್ನುತ್ತ ಉಸಿರುಗಟ್ಟಿ ಓಡುತ್ತಾನೆ. ಎಸ್ತೇರಬಾಯಿ ಒಂದು ದಿನವೂ ನಮ್ಮ ದೇವರ ಬಗ್ಗೆಯಾಗಲಿ ಅವರ ದೇವರ ಬಗ್ಗೆಯಾಗಲಿ ಉಪದೇಶ ಮಾಡಲಿಲ್ಲ. ಕ್ರಿಯಾಪದ ತಪ್ಪಿದರೆ ಮಾತ್ರ ಮೊಣಕಾಲಿಗೆ ಪಟ್ಟನೆ ಹೊಡೆಯುತ್ತಿದ್ದರು.

ಮೂರನೆಯ ಅಧ್ಯಾಯದ ಮೊದಲ ಪ್ರಸಂಗವನ್ನು ಅವರು ಬಾಯಿಪಾಠ ಮಾಡಿಸಿದರು. ಕೈ ಬತ್ತಿಹೋದ ಒಬ್ಬ ಮನುಷ್ಯ ಪ್ರಾರ್ಥನಾ ಮಂದಿರದಲ್ಲಿದ್ದಾನೆ. ಅಂದು ಸಬ್ಬತ್ತು, ಕೆಲಸ ಮಾಡಬಾರದ ದಿನ. ಯೇಸು ಅವನನ್ನು ಗುಣಪಡಿಸಿದರೆ ತಪ್ಪು ಹೊರಿಸೋಣವೆಂದು ದೊಡ್ಡವರೆಲ್ಲ ಹೊಂಚಿ ಕುಳಿತಿದ್ದಾರೆ. ಯೇಸು ಅವನನ್ನು ನಡುವೆ ನಿಲ್ಲಿಸಿ, ಈ ದಿನ ಒಳ್ಳೆಯದು ಮಾಡುವುದು ಸರಿಯೋ ಕೆಟ್ಟದ್ದು ಮಾಡುವುದು ಸರಿಯೋ ಎಂದು ಅವರನ್ನೇ ಕೇಳುತ್ತಾನೆ. ಅಲ್ಲಿ ಮೂರು ಮಾತಿನ ಒಂದು ಸಾಲು ಬರುತ್ತದೆ: ಹೊಯ್ ದೆ ಎಸಿಯೋಪೋನ್. ಅವರಾದರೋ ಸುಮ್ಮನಿದ್ದರು.

"ಇಲ್ಲಿ ನಿಂದ್ರು," ಎನ್ನುತ್ತಿದ್ದರು ಎಸ್ತೇರಬಾಯಿ. "ಉಸಿರು ತಗೋ. ಅವರು ಸುಮ್ಮಕಿದ್ದದ್ದು ಕಿವಿಗೆ ಬೀಳ್ಳಿ. ಮುಂದಿನ ಸಾಲಿನಾಗ ಅಂವಾ ಸುತ್ತ ಅವರ ಮಾರಿ ನೋಡ್ತಾನ, ಸಿಟ್ಟಿಲೆ. ಅವರು ಏನರೆ ಬೈದಿದ್ರ ಅಷ್ಟು ಸಿಟ್ಟು ಬರ್ತಿದ್ದಿಲ್ಲ ಅಂವಗ."

ಫೆಬ್ರುವರಿಯಲ್ಲಿ ದ್ರಾಕ್ಷಿ ಕಡಿಯಲು ಶುರುಮಾಡಿದೆವು. ಒಣದ್ರಾಕ್ಷಿ ಮಾಡುವುದರಲ್ಲಿ ಅದ್ದುವ ಕೆಲಸವೇ ನಾಜೂಕು. ಗೊನೆ ತುಂಬಿದ ಬುಟ್ಟಿಯನ್ನು ಎಣ್ಣೆ, ಪೌಡರು ಕಲಸಿದ ತೊಟ್ಟಿಯಲ್ಲಿ ಮುಳುಗಿಸಿ, ಇಷ್ಟೇ ಹೊತ್ತು ಇಟ್ಟು ಎತ್ತಬೇಕು. ಬೇಗ ಎತ್ತಿದರೆ ಕಾಯಿ ಒಣಗುವುದಿಲ್ಲ, ತಡವಾದರೆ ಬಣ್ಣ ಕೆಡುತ್ತದೆ. ಹೊತ್ತು ನೋಡಲು ಎಲ್ಲರೂ ಮೊಬೈಲು ಹಿಡಿಯುತ್ತಿದ್ದರು. ಜಿಡ್ಡು ಕೈ, ಜಾರದೆ ಏನು ಮಾಡೀತು? ಮೊದಲ ವಾರದಲ್ಲೇ ಭಾವನ ಹೊಸ ಫೋನು ತೊಟ್ಟಿಯೊಳಗೆ ಮುಳುಗಿ ಸ್ವರ್ಗ ಸೇರಿತು. "ಇನ್ನ ತೊಟ್ಟಿ ಹತ್ರ ಒಬ್ಬರೂ ಫೋನ್ ತರಬ್ಯಾಡ್ರಿ" ಎಂದು ಭಾವ ಹುಕುಂ ಹೊರಡಿಸಿದರು.

ಶೆಡ್ಡಿನ ನೆರಳಿಗೆ ಬಂದು ಕ್ರೇಟಿನ ಮೇಲೆ ಕುಳಿತಿದ್ದ ಎಸ್ತೇರಬಾಯಿ ನಕ್ಕು, "ಬತ್ತಿದ ಕೈಯಿಂದು ಎರಡು ಸಲ ಸಾವಕಾಶ ಹೇಳು. ಮುಗಿದ ಕೂಡ್ಲೆ ಎತ್ತು" ಎಂದರು.

ತಾಳೆ ನೋಡಿದರೆ ಹೊತ್ತು ಸರಿಹೋಯಿತು. ಅಂದಿನಿಂದ ಅದೇ ನಮ್ಮ ಗಡಿಯಾರ. ರಜೆಯ ದಿನ ನಾನು ತೊಟ್ಟಿಯ ಈ ಬದಿ, ನನ್ನ ಗಂಡ ಆ ಬದಿ, ಎಸ್ತೇರಬಾಯಿ ಕ್ರೇಟಿನ ಮೇಲೆ. ನಾವಿಬ್ಬರೂ ಗ್ರೀಕು ಹೇಳುವುದು, ಗಂಡ ಬುಟ್ಟಿ ಎತ್ತುವುದು. ಕೆಲಸದ ಹೆಂಗಸರ ಮುಂದಾಳು ಸೋನವ್ವ, ಬಾಯಿಬಡಕಿ, "ಬಾಯಾರ ಹಾಡಾ ಮುಗೀತು, ಎತ್ರಿ ಧಣ್ಯಾರ!" ಎಂದು ಕೂಗುತ್ತಿದ್ದಳು. ನಾನು ಶಾಲೆಗೆ ಹೋದ ದಿನ ಆ ಹೆಂಗಸರೇ ಬಾಯಿಗೆ ಬಂದಷ್ಟು ಹೇಳಿಕೊಂಡು ಕೆಲಸ ನಡೆಸುತ್ತಿದ್ದರು. ಆ ವರ್ಷ ನಮ್ಮ ಮಾಲಿನ ಬಣ್ಣ ಸುತ್ತಲ ಹತ್ತು ತೋಟಗಳಲ್ಲಿ ಇರಲಿಲ್ಲ. ಭಾವ ಮೀಸೆ ತಿರುವುತ್ತಿದ್ದರು. ಗ್ರೀಕು ಆಗ ಯಾರಿಗೂ ಚುಚ್ಚಲಿಲ್ಲ.

ಮಾರ್ಚಿನ ಒಂದು ಮಧ್ಯಾಹ್ನ ಬಿಸಿಲು ತಡೆಯಲಾರದೆ ನಾನು ತಲೆಯ ಮೇಲೆ ಒಂದು ಕೊಡ ನೀರು ಸುರಿದುಕೊಂಡೆ. ಎಸ್ತೇರಬಾಯಿಗೆ ದಾರಿ ಕಾಣುತ್ತಿರಲಿಲ್ಲ, ಎದ್ದು ನನ್ನ ಹೆಗಲು ತಡಕಿದರು. ಕೈ ತಲೆಯ ಮೇಲೆ ಬಿತ್ತು. ಬುಟ್ಟಿ ತೊಟ್ಟಿಯಲ್ಲಿತ್ತು, ಇಬ್ಬರೂ ಗ್ರೀಕು ಹೇಳುತ್ತಲೇ ಇದ್ದೆವು. ಮಾಲು ನೋಡಲು ಬಂದ ದಲ್ಲಾಳಿಯ ಜೊತೆಗಾರನೊಬ್ಬ ಬೇಲಿಯ ಆಚೆ ನಿಂತು ಇದನ್ನು ಮೊಬೈಲಿನಲ್ಲಿ ಹಿಡಿದ. ಒದ್ದೆ ತಲೆ, ತಲೆಯ ಮೇಲೆ ಕ್ರೈಸ್ತ ಮುದುಕಿಯ ಕೈ, ಎದುರಿಗೆ ನೀರಿನ ತೊಟ್ಟಿ, ಅರ್ಥವಾಗದ ಮಂತ್ರ: ನೋಡಿದವರಿಗೆ ಕ್ರೈಸ್ತರು ಮತಕ್ಕೆ ಸೇರಿಸಿಕೊಳ್ಳುವ ದೀಕ್ಷಾಸ್ನಾನದ ಹಾಗೇ. ಸಂಜೆಯೊಳಗೆ ಅದು ಊರ ಫೋನುಗಳಿಗೆಲ್ಲ ಹೋಗಿಯಾಗಿತ್ತು. ಟೀಚರಮ್ಮನನ್ನು ನೀರಲ್ಲಿ ಮುಳುಗಿಸಿ ಜಾತಿ ಕೆಡಿಸಿದರು ಎಂದು ಅದರ ಕೆಳಗೆ ಬರೆದಿತ್ತು. ದ್ರಾಕ್ಷಿ ಅದ್ದುವುದನ್ನು ಹುಟ್ಟಿದಾಗಿನಿಂದ ಕಂಡ ಊರು! ನಾಡಿನ ಬೇರೆ ಮೂಲೆಯವರು ನಂಬಿದ್ದರೆ ಕ್ಷಮಿಸುತ್ತಿದ್ದೆ. ಬುಟ್ಟಿ, ತೊಟ್ಟಿ, ಎಣ್ಣೆ ಡಬ್ಬಿ ಎಲ್ಲ ಕಣ್ಣೆದುರಿಗೇ ಇದ್ದರೂ ತೆಲಸಂಗದವರೇ ನಂಬಿದರಲ್ಲ, ಅದನ್ನು ಇವತ್ತಿಗೂ ಕ್ಷಮಿಸಿಲ್ಲ.

ಮರುದಿನ ನಮ್ಮ ಪಡಸಾಲೆ ತುಂಬಿತು. ಹಣೆಗೆ ಉದ್ದ ನಾಮ ಎಳೆದುಕೊಂಡು ಮೋಟಾರುಬೈಕುಗಳ ಮೇಲೆ ಬಂದ ಹುಡುಗರು, ಊರ ಹಿರಿಯರು, ಬಾಗಿಲ ಬಳಿ ಸೋನವ್ವ ಮತ್ತು ಅವಳ ಹೆಂಗಸರು, ಕರೆಸಿ ನಿಲ್ಲಿಸಿದ್ದ ಎಸ್ತೇರಬಾಯಿ. ಪಕ್ಕದ ಊರಿನಿಂದ ಎಸ್ತೇರಬಾಯಿಯ ಕ್ರೈಸ್ತ ಸಭೆಯ ಪಾಸ್ಟರೂ ಓಡಿಬಂದಿದ್ದರು. ಭಾವ ಅವರನ್ನು ತಮ್ಮ ಪಕ್ಕದಲ್ಲೇ, ಒಂದೇ ಕಾಟಿನ ಮೇಲೆ ಕೂರಿಸಿಕೊಂಡು ಚಹಾ ಕೊಡಿಸಿದರು. ಒಬ್ಬರ ದೇವರು ಇನ್ನೊಬ್ಬರಿಗೆ ಆಗುವುದಿಲ್ಲ. ಆದರೆ ಒಬ್ಬ ಮುದುಕಿಯನ್ನು ಸುಮ್ಮನಾಗಿಸುವ ಮಾತು ಬಂದಾಗ ಇಬ್ಬರಿಗೂ ಒಂದೇ ದನಿ.

"ನಮ್ಮ ಮಂದಿ ಈ ಭಾಗದಾಗ ಇರೂದs ನಾಕು ಮನಿ," ಎಂದರು ಪಾಸ್ಟರು. "ನಾಳೆ ಅವರ ಮ್ಯಾಲ ಕಲ್ಲು ಬಿದ್ರ ಯಾರು ಹೊಣಿ? ಹೆಣ್ಮಗಳಿಗಿ ಗ್ರೀಕಿನ ಉಸಾಬರಿ ಯಾಕ ಬೇಕಾಗಿತ್ರಿ ಬಾಯಾರ?"

ಅವರ ಹೆದರಿಕೆ ಸುಳ್ಳಲ್ಲ, ಅದು ನನಗೆ ಗೊತ್ತು. ಆದರೆ ಹೆದರುವುದು ಬೇರೆ, ಹೆದರಿಸಿದವರ ಜೊತೆ ಸೇರಿ ತಲೆ ಅಲ್ಲಾಡಿಸುವುದು ಬೇರೆ.

ನಾನು ಮಧ್ಯಕ್ಕೆ ಹೋಗಿ ನಿಂತೆ. "ಕಲಿಸ್ರಿ ಅಂತ ಕೇಳಿದಾಕಿ ನಾನು. ನನ್ನ ಕೊರಳಾಗಿನ ಲಿಂಗ ಇಲ್ಲೇ ಐತಿ, ನೋಡ್ರಿ. ತೊಟ್ಟಿಯೊಳಗ ಮುಳುಗಿದ್ದು ದ್ರಾಕ್ಷಿ. ನಂಬಿಕಿಲ್ಲಂದ್ರ ಅಲ್ಲೇ ಇದ್ದವರನ್ನ ಕೇಳ್ರಿ."

"ಸುನಂದಾ, ನೀ ಸುಮ್ಮಕಿರು," ಎಂದರು ಭಾವ.

"ಸುಮ್ಮಕಿರೂದಿಲ್ರಿ ಭಾವಾರ. ಸೋನವ್ವಾ, ನೀ ಹೇಳು. ನಾವು ಏನು ಅದ್ದಿದ್ವಿ?"

ಸೋನವ್ವ ಸೆರಗಿನ ತುದಿ ಬಾಯಿಗಿಟ್ಟುಕೊಂಡಳು. ಊರಿಗೇ ಕೇಳುವಂತೆ ಕೂಗುತ್ತಿದ್ದವಳು ಅಂದು ಉಸಿರೆತ್ತಲಿಲ್ಲ. ಗಂಡನ ಕಡೆ ತಿರುಗಿದೆ. "ನೀವs ಬುಟ್ಟಿ ಎತ್ತತಿದ್ರಲ್ಲ, ನೀವರೆ ಹೇಳ್ರಿ." ಅವರು ತಮ್ಮ ಚಪ್ಪಲಿಯನ್ನು ಹೊಸದಾಗಿ ನೋಡಿದವರ ಹಾಗೆ ನೋಡುತ್ತ ಕುಳಿತರು. ಅತ್ತೆ ಒಳಗೆ ಹೋದರು. ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ. ಆ ಗಾದೆ ಕಟ್ಟಿದವನು ಚಿನಿವಾರನೇ ಇರಬೇಕು. ಅಂದು ನಮ್ಮ ಪಡಸಾಲೆಯಲ್ಲಿ ಕಂಡದ್ದು ಬಂಗಾರವಲ್ಲ, ಬರೀ ಹೊಲಸು.

ಗೋಡೆಗೆ ಒರಗಿ ನಿಂತಿದ್ದ ಎಸ್ತೇರಬಾಯಿ ಮೆಲ್ಲಗೆ, ತಮಗೆ ತಾವೇ ಅನ್ನುವ ಹಾಗೆ ಅಂದರು: "ಹೊಯ್ ದೆ ಎಸಿಯೋಪೋನ್." ಗ್ರೀಕು ಪಾಸಾಗಿಯೇ ಪಾಸ್ಟರಾದ ಆ ಮನುಷ್ಯ, ಏನಂದರು ಎಂದು ಭಾವನನ್ನು ಕೇಳಿದ. ಅಷ್ಟು ಜನರ ನಡುವೆ ಅದು ತಿಳಿದದ್ದು ನನಗೊಬ್ಬಳಿಗೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ವಿಡಿಯೋ ಮಾಡಿದವನಿಗೆ ಒಂದು ಮಾತಿಲ್ಲ, ಯುಗಾದಿಯೊಳಗೆ ಮನೆ ಖಾಲಿ ಮಾಡಬೇಕೆಂದು ಎಸ್ತೇರಬಾಯಿಗೆ ಹೇಳಿದರು. ಅಲ್ಲಿಯವರೆಗೆ ನಾನು ಆ ಹೊಸ್ತಿಲು ತುಳಿಯಕೂಡದು. ಭಾವನ ಮಗ ಗೇಟಿಗೆ ಕುರ್ಚಿ ಹಾಕಿಕೊಂಡು ಕುಳಿತ. ಹದಿನೈದು ಅಧ್ಯಾಯ ಮುಗಿದಿದ್ದವು. ಉಳಿದದ್ದು ಕೊನೆಯದೊಂದೇ. ಜೀವಮಾನವೆಲ್ಲ ಒಬ್ಬ ವಿದ್ಯಾರ್ಥಿಗಾಗಿ ಕಾದ ಹೆಂಗಸು, ಒಂದು ಪುಟ ಉಳಿದಿರುವಾಗ ಹೊರಟುಹೋಗಬೇಕು! ನಾನು ಮನೆಯಲ್ಲಿ ಪಾತ್ರೆ ಕುಕ್ಕಿದೆ, ಗಂಡನೊಂದಿಗೆ ಮಾತು ಬಿಟ್ಟೆ, ಶಾಲೆಯಲ್ಲಿ ಮಕ್ಕಳ ಮೇಲೆ ರೇಗಿದೆ. ಯಾವುದರಿಂದಲೂ ಒಂದು ಸಾಲು ಮುಂದೆ ಹೋಗಲಿಲ್ಲ.

ಅವರು ಹೊರಟ ದಿನ ಬೆಳಿಗ್ಗೆ ನಿಪ್ಪಾಣಿಯಿಂದ ಸೊಸೆ, ಅಂದರೆ ಅವರ ತಮ್ಮನ ಮಗಳು, ಟೆಂಪೊ ತಂದಳು. ಟ್ರಂಕು, ಹಾರ್ಮೋನಿಯಂ ಹೇರಿ, ಎಸ್ತೇರಬಾಯಿಯನ್ನು ಮುಂದೆ ಕೂರಿಸಿದಳು. ಮನೆಯ ಹೊಸ್ತಿಲು ತುಳಿಯಬೇಡ ಎಂದಿದ್ದರು, ರಸ್ತೆ ತುಳಿಯಬೇಡ ಅಂದಿರಲಿಲ್ಲ. ನಾನು, ಪಾಠಕ್ಕೆಂದು ಅವರು ಕೊಟ್ಟಿದ್ದ ಪುಸ್ತಕ ಹಿಡಿದು ಬಸ್ ಸ್ಟ್ಯಾಂಡಿಗೆ ಹೋಗಿ, ಟೆಂಪೊ ಬಂದಾಗ ಅಡ್ಡ ನಿಂತೆ. ಚಹಾದಂಗಡಿಯಲ್ಲಿ ಅರ್ಧ ಊರು ಕುಳಿತಿತ್ತು. ಎಸ್ತೇರಬಾಯಿಗೆ ಆಗಲೇ ಮುಖ ಕಾಣುತ್ತಿರಲಿಲ್ಲ.

"ಯಾರದು?"

"ನಾನರಿ ಬಾಯಾರ. ಹದಿನಾರನೇದು ಉಳದೈತಿ. ನಾ ಓದತೀನಿ, ತಪ್ಪಿದ್ರ ಹೊಡೀರಿ."

ಬಾಗಿಲು ಹಿಡಿದು, ಎಲ್ಲರಿಗೂ ಕೇಳುವ ಹಾಗೆ ಓದಿದೆ. ಮೂವರು ಹೆಂಗಸರು ಬೆಳಗಿನ ಹೊತ್ತು ಯೇಸುವಿನ ಸಮಾಧಿಗೆ ಹೋಗುತ್ತಾರೆ. ಕಲ್ಲು ಉರುಳಿದೆ, ಹೆಣವಿಲ್ಲ. ಅವನು ಎದ್ದಿದ್ದಾನೆ, ಹೋಗಿ ಹೇಳಿ ಎಂದು ಬಿಳಿಯ ಬಟ್ಟೆಯ ತರುಣನೊಬ್ಬ ಅನ್ನುತ್ತಾನೆ. ಅವರು ನಡುಗುತ್ತ ಓಡಿಹೋಗುತ್ತಾರೆ. ಹೆದರಿ, ಯಾರಿಗೂ ಏನೂ ಹೇಳುವುದಿಲ್ಲ. ಅಲ್ಲಿ ಎಸ್ತೇರಬಾಯಿ ಕೈ ಎತ್ತಿ, "ಮುಗೀತು" ಎಂದರು.

"ಇನ್ನೂ ಸಾಲು ಅದಾವಲ್ರಿ?"

"ಅವು ಆಮ್ಯಾಲ ಯಾರೋ ಸೇರಿಸಿದ್ದು. ಹಳೇ ಪ್ರತಿಯೊಳಗ ಇಲ್ಲಿಗೇ ಮುಗೀತು."

ನನಗೆ ತಡೆಯಲಾಗಲಿಲ್ಲ. "ಇದೇನ್ರಿ ಬಾಯಾರ! ಇಷ್ಟೆಲ್ಲಾ ಆಗಿ, ಕಡೀಕ ಅವರೂ ಸುಮ್ಮಕಾದ್ರಾ? ಇದನ್ನ ಓದಾಕ ಇಷ್ಟು ಬಡದಾಡಿದ್ವ್ಯಾ?"

ಎಸ್ತೇರಬಾಯಿ ನನ್ನ ಮೊಣಕಾಲು ತಡಕಿ, ಸಿಗದೆ, ಕೈಗೇ ಪಟ್ಟನೆ ಹೊಡೆದರು. "ಹುಚ್ಚಿ. ಅವರು ಕಡೀತನಕ ಸುಮ್ಮಕಿದ್ದಿದ್ರ ಈ ಸುದ್ದಿ ತೆಲಸಂಗದ ಬಸ್ ಸ್ಟ್ಯಾಂಡಿಗಿ ಹೆಂಗ ಬರ್ತಿತ್ತು? ಒಬ್ಬಾಕಿ ಬಾಯಿ ಬಿಟ್ಟಾಳ. ಯಾವಾಗಂತ ಬರದಿಲ್ಲ, ಅಷ್ಟs."

ಟೆಂಪೊ ಹೊರಟಿತು. ಆ ಬೇಸಿಗೆಯಲ್ಲೇ ನಾನು ವರ್ಗ ಮಾಡಿಸಿಕೊಂಡು ಅಥಣಿಗೆ ಬಂದೆ, ಗಂಡ ಒಂದು ಮಾತೂ ಆಡದೆ ಹಿಂದೆಯೇ ಬಂದರು. ಎಸ್ತೇರಬಾಯಿ ನಿಪ್ಪಾಣಿಯಲ್ಲಿ ಕಣ್ಣು ಪೂರಾ ಕಳೆದುಕೊಂಡು, ಹೋದ ಮಳೆಗಾಲದಲ್ಲಿ ತೀರಿಕೊಂಡರು. ಹುಟ್ಟಿದ ಊರಲ್ಲಿ ಕಣ್ಣು ಮುಚ್ಚುವ ಆಸೆಯನ್ನು ಹುಟ್ಟಿದ ಊರೇ ಕಿತ್ತುಕೊಂಡಿತ್ತು.

ಅದನ್ನೆಲ್ಲ ನುಂಗಿಕೊಂಡು ಈ ಫೆಬ್ರುವರಿಯಲ್ಲಿ ಬಸ್ಸಿಳಿದೆ; ಗಂಡ ಹಿಂದಿನ ದಿನವೇ ಬಂದಿದ್ದರು. ಪೂಜೆ, ಊಟ ಮುಗಿದ ಮೇಲೆ ಭಾವ ಮಾಲು ತೋರಿಸುತ್ತೇನೆಂದು ಶೆಡ್ಡಿಗೆ ಕರೆದೊಯ್ದರು. ದೂರದಿಂದಲೇ ಕೇಳಿಸಿತು. ತೊಟ್ಟಿಯ ಸುತ್ತ ಸೋನವ್ವ ಮತ್ತು ನಾಲ್ಕಾರು ಹೆಂಗಸರು ಗ್ರೀಕು ಹೇಳುತ್ತಿದ್ದರು. ಮಾತುಗಳು ಸವೆದು, ಮುರಿದು, ಒಂದಕ್ಕೊಂದು ಅಂಟಿಕೊಂಡಿದ್ದವು. ಆದರೆ ಏರಿಳಿತ ಎಸ್ತೇರಬಾಯಿಯದೇ.

"ನಿನ್ನ ಹಾಡಾ ಇನ್ನೂ ನಡದೈತಿ ನೋಡವ್ವಾ," ಎಂದರು ಭಾವ, ಕುರ್ಚಿ ಎಳೆದುಕೊಳ್ಳುತ್ತ, ನನಗೆ ಉಪಕಾರ ಮಾಡಿದವರ ಹಾಗೆ. "ಇದನ್ನ ಹೇಳಿ ಎತ್ತಿದ್ರs ಬಣ್ಣ ಬರ್ತೈತಿ. ಫೋನಿಗಿಂತ ಇದs ಛಲೋ."

ಮುದುಕಿಯನ್ನು ಅಟ್ಟಿ ಅವಳ ಗಡಿಯಾರವನ್ನು ಇಟ್ಟುಕೊಂಡಿದ್ದರು! ಅಷ್ಟರಲ್ಲಿ ಹೆಂಗಸರು ಯೇಸು ಕೇಳುವ ಆ ಪ್ರಶ್ನೆಯವರೆಗೆ ಬಂದು, ಅಲ್ಲಿ ನಿಂತು, ಉಸಿರು ತೆಗೆದುಕೊಂಡು, ಮುಂದೆ ಹೋದರು. ಆ ಮೂರು ಮಾತಿನ ಸಾಲು ಬಿದ್ದುಹೋಗಿತ್ತು, ನಿಲ್ಲುವುದು ಮಾತ್ರ ಉಳಿದಿತ್ತು. ಎರಡನೆಯ ಸಲ ಅಲ್ಲಿಗೆ ಬಂದು ಅವರು ನಿಂತಾಗ ನಾನು ಗಂಟಲೆತ್ತಿ ಹೇಳಿದೆ: "ಹೊಯ್ ದೆ ಎಸಿಯೋಪೋನ್."

ಎಲ್ಲರೂ ನನ್ನತ್ತ ತಿರುಗಿದರು. "ಹಾಂ, ಅದs ನೋಡ್ರಿ ವೈನಿ," ಎಂದಳು ಸೋನವ್ವ. "ಅಲ್ಲೇನೋ ಬಿಟ್ಟಂಗ ಆಗ್ತಿತ್ತು. ಅಂದ್ರೇನ್ರಿ ಅದು?"

"ಅವರೆಲ್ಲಾ ಸುಮ್ಮಕ ಕುಂತ್ರು ಅಂತ."

"ಯಾರು?" ಎಂದರು ಭಾವ.

ನಾನು ಸುತ್ತಲೂ ಒಬ್ಬೊಬ್ಬರ ಮುಖ ನೋಡಿದೆ, ಸಿಟ್ಟಿನಿಂದಲೇ ನೋಡಿದೆ. ಬುಟ್ಟಿ ನೀರಿನಲ್ಲೇ ಇತ್ತು, ಹೊತ್ತು ಮೀರುತ್ತಿತ್ತು, ಯಾರೂ ಎತ್ತಲಿಲ್ಲ. ಸೋನವ್ವ ಜಿಡ್ಡು ಕೈಯನ್ನು ಸೆರಗಿಗೆ ಒರೆಸಿಕೊಂಡು ಭಾವನ ಕಡೆ ತಿರುಗಿದಳು.

"ನಾವರಿ, ಧಣ್ಯಾರ," ಎಂದಳು. "ಅವತ್ತ ನಿಮ್ಮ ಪಡಸಾಲ್ಯಾಗ. ಬಾಯಾರು ಅದ್ದಿದ್ದು ದ್ರಾಕ್ಷಿರಿ. ನಾ ಇಲ್ಲೇ ನಿಂತು ನೋಡೀನಿ."